ಹಲಗೆ ತೆಗೆಯುವವರು ಯಾರು? ಅಳಿವೆ, ಮೀನು ಮತ್ತು ಬೆಂಗಳೂರಿನ ಬಾಯಾರಿಕೆ

ವಿಜಯನಗರದ ಕರಾವಳಿ ಹೋಟೆಲೊಂದರಲ್ಲಿ ಕೋಲಾರದ ಗೆಳೆಯನ ಜತೆ ಊಟಕ್ಕೆ ಕೂತಿದ್ದೆ. ಅವನ ತಟ್ಟೆಯಲ್ಲಿ ಕಾಣೆ ರವಾ ಫ್ರೈ. ಮಾತು ಎಲ್ಲೆಲ್ಲೋ ಸುತ್ತಿ, ಪಶ್ಚಿಮಕ್ಕೆ ಹರಿಯುವ ನೇತ್ರಾವತಿಯ ಹಳ್ಳಗಳ ನೀರನ್ನು ಕೋಲಾರದ ಕಡೆ ತಿರುಗಿಸುವ ಎತ್ತಿನಹೊಳೆ ಯೋಜನೆಗೆ ಬಂತು. "ಆ ಕಡೆ ಹರಿಯೋ ನೀರೆಲ್ಲ ಸುಮ್ನೆ ಸಮುದ್ರ ಸೇರಿ ಪೋಲಾಗ್ತಿದೆ ಕಣಪ್ಪಾ. ಅದರಲ್ಲಿ ಒಂದು ಪಾಲು ನಮಗೆ ಕೊಟ್ರೆ ಅವರ ಗಂಟೇನು ಹೋಗುತ್ತೆ?" ಅಂದ. ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್‌ನಲ್ಲಿ ಬರೀ ಧೂಳು ಕಂಡ ಊರಿನವನು ಅವನು. ಅವನ ಸಿಟ್ಟಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಹಾಗೆ ಹೇಳುತ್ತಲೇ ಅವನು ಮುಳ್ಳು ಬಿಡಿಸುತ್ತಿದ್ದ ಮೀನು ಆ 'ಪೋಲಾದ' ನೀರಿನದೇ ಫಸಲು.

ಕಾಣೆಯನ್ನು ಕುಮಟಾ–ಅಂಕೋಲಾ ಕಡೆ ನೊಗಲಿ ಎನ್ನುತ್ತಾರೆ. ಅದರ ಮರಿಗಳು ಬೆಳೆಯುವುದು ಅಳಿವೆಯ ಆಳವಿಲ್ಲದ ಮರಳು ತಳದಲ್ಲಿ. ಅಳಿವೆ ಎಂದರೆ ಹೊಳೆ ಸಮುದ್ರ ಸೇರುವ ಜಾಗ ಎಂದು ಪಾಠಪುಸ್ತಕ ಹೇಳುತ್ತದೆ. ಅಲ್ಲಿ ಇದ್ದು ನೋಡಿದವರನ್ನು ಕೇಳಿದರೆ ಸಮುದ್ರವೇ ಹೊಳೆಯೊಳಗೆ ಬರುವ ಜಾಗ ಎನ್ನುತ್ತಾರೆ. ದಿನಕ್ಕೆ ಎರಡು ಬಾರಿ ಉಬ್ಬರ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಈ ಏರಿಳಿತ ದೊಡ್ಡದೇನಲ್ಲ, ಹೆಚ್ಚೆಂದರೆ ಎರಡು ಮೀಟರ್ ಆಸುಪಾಸು. ಆದರೆ ನೆಲ ಚಪ್ಪಟೆಯಾದ ಕಡೆ ಎರಡು ಮೀಟರ್ ನೀರು ಮೈಲುಗಟ್ಟಲೆ ಒಳಕ್ಕೆ ಹೋಗುತ್ತದೆ. ಹೋಗುತ್ತಾ ಉಪ್ಪನ್ನೂ ಸೀಗಡಿ ಮರಿಗಳನ್ನೂ ಒಯ್ಯುತ್ತದೆ, ಬರುತ್ತಾ ಕೆಸರಿನ ಸಾರವನ್ನು ತರುತ್ತದೆ. ದೊಡ್ಡ ಮೀನು ನುಗ್ಗಲಾಗದ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ ಸಣ್ಣ ಮರಿಗಳು ತಿಂದು ಬಲಿಯುತ್ತವೆ. ಬಲಿತ ಮೇಲೆ ಕೆಲವು ಸಮುದ್ರಕ್ಕೆ ಮರಳುತ್ತವೆ, ಕೆಲವು ಹೊಳೆಯಲ್ಲಿ ಇನ್ನೂ ಮೇಲಕ್ಕೆ ಹತ್ತುತ್ತವೆ.

ಈ ವ್ಯವಸ್ಥೆಯಲ್ಲಿ ಮಳೆಗಾಲದ ನೀರಿಗೆ ಏನು ಕೆಲಸ? ಮೊದಲನೆಯದು ಗುಡಿಸುವ ಕೆಲಸ. ಬೇಸಿಗೆಯುದ್ದಕ್ಕೂ ಅಲೆಗಳು ಅಳಿವೆಯ ಬಾಯಿಗೆ ಮರಳು ತಂದು ಸುರಿಯುತ್ತವೆ. ಅದನ್ನು ಹೊರಗೆ ತಳ್ಳುವುದು ಜೂನ್–ಜುಲೈನ ಕೆಂಪು ನೆರೆ. ಎರಡನೆಯದು ತೊಳೆಯುವ ಕೆಲಸ: ಎಂಟು ತಿಂಗಳು ಉಪ್ಪು ಕುಡಿದ ನೆಲದಿಂದ ಉಪ್ಪನ್ನು ಕೆಳಗಿಳಿಸುವುದು. ಮೂರನೆಯದು ಕೂಗಿ ಕರೆಯುವುದು. ಹೊಸನೀರಿನ ಸುಳಿವು ಸಿಕ್ಕಿದ ಕೂಡಲೇ ಮೀನು ಪ್ರವಾಹಕ್ಕೆ ಎದುರಾಗಿ ಹತ್ತುತ್ತದೆ. ಮಲೆನಾಡಿನಲ್ಲಿ ಇದಕ್ಕೆ 'ಹತ್ತುಮೀನು' ಎಂಬ ಹೆಸರೇ ಇದೆ. ನೀರಾವರಿ ಕಡತಗಳಲ್ಲಿ 'ಹೆಚ್ಚುವರಿ' ಎಂದು ಬರೆಯಲಾದ ನೀರು ಈ ಮೂರೂ ಕೆಲಸಕ್ಕೆ ಹಾಜರಿ ಹಾಕುತ್ತಿರುತ್ತದೆ. ಸಂಬಳ ಕೇಳದ ಕೆಲಸಗಾರನನ್ನು ನಾವು ಕೆಲಸವಿಲ್ಲದವನು ಎಂದುಕೊಂಡಿದ್ದೇವೆ.

ಅಳಿವೆಗಳ ವಿಷಯ ಬಂದಾಗೆಲ್ಲ ಅಘನಾಶಿನಿಯ ಹೆಸರು ಮೊದಲು ಬರುವುದಕ್ಕೆ ಕಾರಣವಿದೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲೂಕಿನ ತದಡಿಯ ಬಳಿ ಕಡಲು ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಉತ್ತರ ಕನ್ನಡದಲ್ಲೇ ಕಡಲು ಸೇರುವ ಕಾಳಿಗೆ ಸೂಪಾದಿಂದ ಕದ್ರಾವರೆಗೆ ಸಾಲು ಅಣೆಕಟ್ಟುಗಳಿವೆ, ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪೆಗಳಿವೆ. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿ ಸೇರಿತು. ಜತೆಗೆ ಅಂಕಸಮುದ್ರ, ಮಾಗಡಿ ಕೆರೆಗಳೂ ಸೇರಿದವು. ತದಡಿಯಲ್ಲಿ ಒಂದು ಕಾಲಕ್ಕೆ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವುದಿತ್ತು ಎಂಬುದನ್ನು ನೆನೆದರೆ ಈ ಪಟ್ಟಿಯ ಬೆಲೆ ತಿಳಿಯುತ್ತದೆ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಅಳಿವೆ ಗಟ್ಟಿಯಾಗಿದೆ ಎಂದಲ್ಲ. ಒಳಗೆ ಹೋಗಿ ಗಜನಿಗಳನ್ನು ನೋಡಬೇಕು.

ಗಜನಿ ಎಂದರೆ ಉಬ್ಬರದ ನೀರು ಬರುವ ತಗ್ಗು ಗದ್ದೆ. ಸುತ್ತ ಮಣ್ಣಿನ ಕಟ್ಟೆ, ಕಟ್ಟೆಯಲ್ಲಿ ಅಲ್ಲಲ್ಲಿ ಹಲಗೆ ಬಾಗಿಲಿನ ತೂಬು. ಮಳೆಗಾಲದಲ್ಲಿ ಉಬ್ಬರ ಬಂದಾಗ ಬಾಗಿಲು ಮುಚ್ಚಿ ಉಪ್ಪನ್ನು ಹೊರಗೇ ನಿಲ್ಲಿಸುತ್ತಾರೆ, ಇಳಿತದಲ್ಲಿ ತೆಗೆದು ಮಳೆನೀರನ್ನು ಬಸಿಯಬಿಡುತ್ತಾರೆ. ಹಾಗೆ ತೊಳೆದ ನೆಲದಲ್ಲಿ ಬೆಳೆಯುವುದು ಕಗ್ಗ. ಆಳೆತ್ತರದ ಈ ಭತ್ತ ನೆರೆಯಲ್ಲಿ ಕೆಲ ದಿನ ಮುಳುಗಿದ್ದರೂ, ಸ್ವಲ್ಪ ಉಪ್ಪು ಬೇರಿಗೆ ತಾಗಿದರೂ ಸಾಯದ ಗಟ್ಟಿಜೀವ. ಗೊಬ್ಬರ, ಔಷಧಿಯ ಹಂಗಿಲ್ಲ. ಕೊಯ್ಲಾದ ಮೇಲೆ ಕೆಲಸ ತಿರುಗುಮುರುಗು: ಉಬ್ಬರದಲ್ಲಿ ಬಾಗಿಲು ತೆಗೆದರೆ ಮೀನು, ಶೆಟ್ಲಿಯ (ಸೀಗಡಿಯ) ಮರಿಗಳು ಒಳಗೆ ಬರುತ್ತವೆ, ಕೂಳೆಯ ಕೊಳೆತದಲ್ಲಿ ತಿಂದು ಬೆಳೆಯುತ್ತವೆ, ಇಳಿತದಲ್ಲಿ ಬಾಗಿಲಿಗೇ ಬಲೆ ಕಟ್ಟಿ ಹಿಡಿಯುತ್ತಾರೆ. ಒಂದೇ ನೆಲಕ್ಕೆ ಅನ್ನ, ಸಾರು ಎರಡರದೂ ಜವಾಬ್ದಾರಿ. ಕೇರಳದ ಪೊಕ್ಕಾಳಿ, ಗೋವಾದ ಖಾಜನ್ ಗದ್ದೆಗಳಲ್ಲೂ ಇದೇ ಲೆಕ್ಕಾಚಾರ.

ಈ ಏರ್ಪಾಟು ನಡೆಯುತ್ತಿದ್ದುದು ಬಾಗಿಲ ಬಳಿ ಕೂತು ಊರವರು ಮಾಡಿಕೊಂಡ ಒಪ್ಪಂದದ ಮೇಲೆ. ಕಟ್ಟೆ ಒಡೆದರೆ ಎಲ್ಲರೂ ಮಣ್ಣು ಹೊರಬೇಕು, ಬಾಗಿಲು ಯಾವಾಗ ತೆರೆಯಬೇಕೆಂದು ಎಲ್ಲರೂ ಒಪ್ಪಬೇಕು. 1970ರ ದಶಕದಲ್ಲಿ ಸರ್ಕಾರ ಉಪ್ಪುನೆಲಕ್ಕೆಂದು ತಂದ ಖಾರ್‌ಲ್ಯಾಂಡ್ ಯೋಜನೆಯಡಿ ಗಟ್ಟಿ ಒಡ್ಡು ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ಆದರೆ ಒಡ್ಡು ಸರ್ಕಾರದ್ದಾದ ಕೂಡಲೇ ದುರಸ್ತಿಯೂ ಸರ್ಕಾರದ್ದಾಯಿತು, ಊರವರ ಕೈ ಸಡಿಲವಾಯಿತು. ಆಮೇಲೆ ಸೀಗಡಿಗೆ ಹೊರದೇಶದ ಬೆಲೆ ಬಂತು. ಬಾಗಿಲು ಗುತ್ತಿಗೆದಾರನ ಕೈಗೆ ಹೋಯಿತು. ಭತ್ತ ಬೆಳೆಯುವವನಿಗೆ ಉಪ್ಪುನೀರು ಹೊರಗಿರಬೇಕು, ಸೀಗಡಿ ಸಾಕುವವನಿಗೆ ಒಳಗಿರಬೇಕು, ಇನ್ನೂ ಹೆಚ್ಚು ದಿನ ಇರಬೇಕು. 90ರ ದಶಕದ ನಡುವೆ ಬಿಳಿಚುಕ್ಕೆ ರೋಗ ಬಂದು ಸೀಗಡಿ ಹೊಂಡಗಳು ನೆಲಕಚ್ಚಿದವು, 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ಸೀಗಡಿ ಕೃಷಿಗೆ ಕಡಿವಾಣ ಹಾಕಿತು. ಅಷ್ಟರಲ್ಲಿ ಎಷ್ಟೋ ಗಜನಿಗಳು ಭತ್ತಕ್ಕೂ ಇಲ್ಲ, ಮೀನಿಗೂ ಇಲ್ಲ ಎಂಬಂತಾಗಿದ್ದವು. ಒಡ್ಡಿನ ಒಂದು ತುದಿ ಹರಿದರೆ ಸಾಕು, ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ. ಒಬ್ಬನೇ ರೈತ ಕಗ್ಗ ಬೆಳೆಯುತ್ತೇನೆಂದು ಹಟ ಹಿಡಿದರೆ ಪ್ರಯೋಜನವಿಲ್ಲ. ಕುಮಟಾದ ಮಾಣಿಕಟ್ಟಾ ಭಾಗದ ರೈತರು ಸಮಿತಿ ಕಟ್ಟಿಕೊಂಡು ಕಗ್ಗದ ಬೀಜ ಉಳಿಸಿಕೊಂಡದ್ದು ಅದಕ್ಕೇ ದೊಡ್ಡ ಮಾತು.

ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ ಎಂಬ ಗಾದೆ ನಮ್ಮಲ್ಲಿದೆ. ಗಜನಿಯ ಕಥೆಯಲ್ಲಿ ಉಬ್ಬರದ ನೀರೇ ದೊಣ್ಣೆನಾಯಕನ ಅಪ್ಪಣೆಗೆ ಕಾಯುತ್ತಿದೆ. ಅಳಿವೆಯ ಪುನಶ್ಚೇತನ ಎಂದಾಗ ನಮಗೆ ತೋಚುವುದು ಕಾಂಡ್ಲಾ ಸಸಿ ನೆಡುವ ಕಾರ್ಯಕ್ರಮ, ಅತಿಥಿಗಳ ಕೈಗೆ ಒಂದೊಂದು ಸಸಿ, ಒಂದು ಫೋಟೋ. ನೆಡುವುದು ಬೇಡ ಎನ್ನುತ್ತಿಲ್ಲ. ಆದರೆ ಉಬ್ಬರಕ್ಕೆ ದಾರಿ ಬಿಟ್ಟ ಕಡೆ ಕಾಂಡ್ಲಾ ಬೀಜಗಳು ತಾವೇ ತೇಲಿ ಬಂದು ಊರುತ್ತವೆ. ದಾರಿ ಬಿಡದ ಕಡೆ ನೆಟ್ಟದ್ದೂ ಒಣಗುತ್ತದೆ. ಹೆಂಗಸರು ಇಳಿತದ ಹೊತ್ತಿಗೆ ಬಳಚು ಎಂಬ ಚಿಪ್ಪುಜೀವಿಯನ್ನು ಆಯುವ ಬಯಲು ಕೆಸರಿನಲ್ಲಿ ಸಸಿ ನೆಟ್ಟರಂತೂ ಒಂದನ್ನು ಉಳಿಸಲು ಇನ್ನೊಂದನ್ನು ಕಳೆದಂತೆ.

ಪಕ್ಕದ ಶರಾವತಿಗೆ ಬರೋಣ. ನನಗೆ ಈ ಇಡೀ ವಿಷಯದಲ್ಲಿ ತಲೆ ತಿರುಗಿಸಿದ ಸಂಗತಿ ಅಲ್ಲಿದೆ. ಅಣೆಕಟ್ಟು ಕಟ್ಟಿದರೆ ಅಳಿವೆಗೆ ಸಿಹಿನೀರು ಕಡಿಮೆಯಾಗುತ್ತದೆ, ಉಪ್ಪು ಹೆಚ್ಚುತ್ತದೆ ಎಂದು ನಾನು ಅಂದುಕೊಂಡಿದ್ದೆ. ಶರಾವತಿ ಕಡಲು ಸೇರುವ ಹೊನ್ನಾವರದಲ್ಲಿ ಆಗಿರುವುದು ಉಲ್ಟಾ. ಲಿಂಗನಮಕ್ಕಿ ಮಳೆನೀರನ್ನು ಹಿಡಿದಿಟ್ಟು ವರ್ಷವಿಡೀ ವಿದ್ಯುತ್ತಿಗಾಗಿ ಬಿಡುತ್ತದೆ. ಅದು ಗೇರುಸೊಪ್ಪೆ ದಾಟಿ ಏಪ್ರಿಲ್‌ನಲ್ಲೂ ಅಳಿವೆಗೆ ಬರುತ್ತದೆ. ಹಳೆಯ ಹೊಳೆ ಬೇಸಿಗೆಯಲ್ಲಿ ಸೊರಗುತ್ತಿತ್ತು, ಆಗ ಸಮುದ್ರ ಒಳಗೆ ಬರುತ್ತಿತ್ತು, ಆ ಉಪ್ಪಿನಲ್ಲಿ ಚಿಪ್ಪುಜೀವಿಗಳು ಬೆಳೆಯುತ್ತಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಎರಡೂ ಅಳಿವೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಕಂಡದ್ದು ಇದೇ: ಅಘನಾಶಿನಿಯಲ್ಲಿ ಬಳಚು, ಕಲ್ವಗಳ ಆಯುವಿಕೆ ಸಾವಿರಾರು ಜನರ ಜೀವನವಾಗಿದ್ದರೆ, ಶರಾವತಿಯಲ್ಲಿ ಉಪ್ಪಿನಂಶ ಕುಸಿದು ಆ ಸಂಪತ್ತು ಕರಗಿಹೋಗಿತ್ತು. ಎರಡೂ ಅಳಿವೆಗಳ ನಡುವೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ.

ಅಂದರೆ ಅಳಿವೆಗೆ ಬೇಕಾದದ್ದು ಇಷ್ಟು ಟಿಎಂಸಿ ಎಂಬ ಮೊತ್ತ ಮಾತ್ರವಲ್ಲ. ಯಾವ ತಿಂಗಳಲ್ಲಿ ಎಷ್ಟು ಎಂಬ ಪಂಚಾಂಗವೂ ಬೇಕು. 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ ನಡೆಯುವುದು ನಾಡಿನ, ಅದರಲ್ಲೂ ಬೆಂಗಳೂರಿನ ಬೇಡಿಕೆಯ ತಾಳಕ್ಕೆ. ಇಲ್ಲಿ ಸಂಜೆ ನಾವು ಗೀಸರ್ ಸ್ವಿಚ್ ಒತ್ತಿದರೆ ಅಲ್ಲಿ ಹೊನ್ನಾವರದ ನೀರಿನ ರುಚಿ ಬದಲಾಗುತ್ತದೆ ಎಂದರೆ ಸ್ವಲ್ಪ ಉತ್ಪ್ರೇಕ್ಷೆಯಾದೀತು, ತೀರಾ ಸುಳ್ಳಾಗದು. ಈಗ ಅದೇ ಹೊಳೆಗೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್, ಅಂದರೆ ಕೆಳಗಿನ ನೀರನ್ನು ಮೇಲಕ್ಕೆತ್ತಿ ಮತ್ತೆ ಹರಿಸಿ ವಿದ್ಯುತ್ ಪಡೆಯುವ ಯೋಜನೆಯ ಪ್ರಸ್ತಾವವಿದೆ. ಅದರ ಚರ್ಚೆ ಹೆಚ್ಚಾಗಿ ಕಾಡು, ಸಿಂಗಳೀಕಗಳ ಸುತ್ತ ನಡೆದಿದೆ, ನಡೆಯಬೇಕಾದದ್ದೇ. ಕೆಳಗಿನ ಬಳಚಿನ ಪರವಾಗಿ ಮಾತಾಡುವವರು ಮಾತ್ರ ಕಡಿಮೆ. ಸಿಂಗಳೀಕಕ್ಕೆ ಮುಖವಾದರೂ ಇದೆ.

ಇನ್ನು ಕಿಂಡಿ ಅಣೆಕಟ್ಟು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಹೊಳೆ, ತೋಡುಗಳಿಗೆ ಇವು ಸಾಲುಸಾಲಾಗಿ ಬಂದಿವೆ. ಸಣ್ಣ ನೀರಾವರಿ ಇಲಾಖೆಯ ಪಶ್ಚಿಮ ವಾಹಿನಿ ಯೋಜನೆ ಇನ್ನಷ್ಟನ್ನು ತರುತ್ತಿದೆ. ಮಳೆ ನಿಂತ ಮೇಲೆ ಕಂಬಗಳ ನಡುವಿನ ಕಿಂಡಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವುದು, ಮಳೆಗಾಲಕ್ಕೆ ಮುಂಚೆ ತೆಗೆಯುವುದು. ಸರಳ ಉಪಾಯ, ಮತ್ತು ಇದರ ಅಗತ್ಯ ಸುಳ್ಳಲ್ಲ. ಫೆಬ್ರವರಿ ದಾಟಿದರೆ ಬಾವಿಯ ನೀರು ಉಪ್ಪಾಗುವ, ಅಡಿಕೆ ಗಿಡದ ಸೋಗೆ ಕೆಂಪಾಗುವ ಊರುಗಳಲ್ಲಿ ಇರುವವರಿಗೆ ಮೀನಿನ ದಾರಿಯ ಬಗ್ಗೆ ಬೆಂಗಳೂರಿನಿಂದ ಉಪದೇಶ ಮಾಡುವುದು ಸಲ್ಲದು. ಮಂಗಳೂರು ಕುಡಿಯುವುದೂ ತುಂಬೆಯ ಕಿಂಡಿ ಅಣೆಕಟ್ಟಿನ ನೀರನ್ನೇ.

ಆದರೆ ಮೀನಿನ ಕಣ್ಣಿನಿಂದ ನೋಡಿದರೆ ಹೊಳೆ ಈಗ ಒಂದು ಮೆಟ್ಟಿಲುಸಾಲು. ಹಲಗೆ ತೆಗೆದ ಮೇಲೂ ತಳದ ಕಾಂಕ್ರೀಟ್ ಹಾಸು ಉಳಿಯುತ್ತದೆ. ಅದರ ಕೆಳಬದಿಯಲ್ಲಿ ನೆರೆ ಮಣ್ಣು ಕೊಚ್ಚಿ ಗುಂಡಿ ಮಾಡುತ್ತದೆ, ವರ್ಷ ಕಳೆದಂತೆ ಹಾಸು ಮೊಣಕಾಲೆತ್ತರದ ಜಗುಲಿಯಾಗುತ್ತದೆ. ನಮಗೆ ಮೊಣಕಾಲೆತ್ತರ, ಬೆರಳುದ್ದದ ಮರಿಗೆ ಅದೇ ಕೋಟೆಗೋಡೆ. ಕಿಂಡಿ ಇಕ್ಕಟ್ಟಾದಷ್ಟೂ ಸೆಳವು ಜೋರು, ಈಜಿ ದಾಟುವ ತ್ರಾಣ ಎಲ್ಲ ಜಾತಿಗೂ ಇಲ್ಲ. ಹಲಗೆಯ ದಿನದರ್ಶಿಕೆ ಇನ್ನೊಂದು ತೊಡಕು. ಲೆಕ್ಕ ಹಾಕಿರುವುದು ಜೂನ್ ಮೊದಲ ವಾರದ ಮುಂಗಾರಿಗೆ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಹೊಸನೀರಿನ ಕರೆ ಕೇಳಿ ಮೀನು ಹೊರಟ ದಿನ ಹಲಗೆ ಇನ್ನೂ ಕಿಂಡಿಯಲ್ಲೇ ಇದ್ದರೆ ಆ ವರ್ಷದ ಒಂದು ಸಂತತಿ ಅಲ್ಲಿಗೆ ಮುಗಿಯಿತು. ಅಣೆಕಟ್ಟಿನ ಬುಡದಲ್ಲಿ ರಾಶಿಬಿದ್ದ ಮೀನನ್ನು ಬಲೆ, ಕತ್ತಿ, ಕೊನೆಗೆ ಬುಟ್ಟಿಯಿಂದಲೂ ಹಿಡಿಯಬಹುದು, ಹಿಡಿಯುತ್ತಾರೆ ಕೂಡ. ಸಮುದ್ರದಲ್ಲಿ ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ 61 ದಿನದ ನಿಷೇಧ ಇರುವ ಹೊತ್ತಿನಲ್ಲೇ ಹೊಳೆಯಲ್ಲಿ ಮೊಟ್ಟೆ ಹೊತ್ತ ಮೀನಿನ ಶಿಕಾರಿ.

ಇದಕ್ಕೆ ಪರಿಹಾರವೆಂದು ಯೋಜನಾ ವರದಿಗಳಲ್ಲಿ 'ಮೀನು ಏಣಿ' ಎಂಬ ಪದ ಕಾಣಿಸುತ್ತದೆ. ಏಣಿಯನ್ನು ರೂಪಿಸಿದ್ದು ಉತ್ತರದ ಚಳಿದೇಶಗಳಲ್ಲಿ, ಎಗರಿ ಹಾರುವ ಸಾಲ್ಮನ್ ಮೀನಿಗಾಗಿ. ನಮ್ಮ ಬಹುತೇಕ ಮೀನು ಹಾರುವುದಿಲ್ಲ. ಹಾವುಮೀನಿನ ಮರಿ ಒದ್ದೆ ಒರಟು ಗೋಡೆಯ ಮೇಲೆ ತೆವಳುತ್ತದೆ, ಸಿಹಿನೀರ ದೊಡ್ಡ ಸೀಗಡಿಯ ಮರಿ ದಡದ ಕಲ್ಲು ಹಿಡಿದು ನಡೆಯುತ್ತದೆ. ಇವಕ್ಕೆ ಬೇಕಾದದ್ದು ಕಲ್ಲುಗುಂಡು ಹರಡಿದ ಒಂದು ಇಳಿಜಾರು, ಒಂದು ಬದಿಯಲ್ಲಿ ನಿಧಾನ ಹರಿಯುವ ಕಿರುದಾರಿ. ಕಾಂಕ್ರೀಟ್ ಏಣಿಗಿಂತ ಇದು ಅಗ್ಗ. ಅಗ್ಗವಾದದ್ದು ಟೆಂಡರ್‌ನಲ್ಲಿ ಕಾಣಿಸಿಕೊಳ್ಳುವುದು ಅಪರೂಪ ಎಂಬುದು ಬೇರೆ ಮಾತು.

ದೊಡ್ಡ ಸೀಗಡಿಯ ವಿಷಯದಲ್ಲಿ ಕೇರಳ ಬೆಲೆ ತೆತ್ತಾಗಿದೆ. ಅದು ಬೆಳೆಯುವುದು ಸಿಹಿನೀರಿನಲ್ಲಿ, ಮರಿ ಬದುಕುವುದು ಉಪ್ಪು–ಸಿಹಿ ಬೆರೆತ ಚೌಳುನೀರಿನಲ್ಲಿ. ತಾಯಿ ಕೆಳಗಿಳಿಯಬೇಕು, ಮರಿ ಮೇಲೆ ಹತ್ತಬೇಕು. ವೇಂಬನಾಡು ಸರೋವರಕ್ಕೆ ಅಡ್ಡಲಾಗಿ 1970ರ ದಶಕದಲ್ಲಿ ಬಂದ ತಣ್ಣೀರ್‌ಮುಕ್ಕಂ ಒಡ್ಡು ಕುಟ್ಟನಾಡಿನ ಭತ್ತವನ್ನು ಉಪ್ಪಿನಿಂದ ಕಾಯಲು ಬೇಸಿಗೆಯಲ್ಲಿ ಬಾಗಿಲು ಮುಚ್ಚುತ್ತದೆ. ಸೀಗಡಿಯ ಓಡಾಟಕ್ಕೆ ಕತ್ತರಿ ಬಿತ್ತು, ನಿಂತ ನೀರಿನಲ್ಲಿ ಕಳೆ ತುಂಬಿತು. ಬಾಗಿಲು ಯಾವಾಗ ತೆರೆಯಬೇಕೆಂಬ ರೈತ–ಮೀನುಗಾರರ ಜಗಳ ಅರ್ಧ ಶತಮಾನ ಕಳೆದರೂ ಮುಗಿದಿಲ್ಲ. ಗಂಗೆಯಲ್ಲಿ 1975ರ ಫರಕ್ಕಾ ಬ್ಯಾರೇಜ್ ಬಂದ ಮೇಲೆ ಪ್ರಯಾಗದವರೆಗೆ ಹೋಗುತ್ತಿದ್ದ ಹಿಲ್ಸಾ ಮೀನು ಬಂಗಾಳದಲ್ಲೇ ನಿಂತಿತು.

ತಿದ್ದಿಕೊಂಡ ಉದಾಹರಣೆಗಳೂ ಇವೆ. ಒಡಿಶಾದ ಚಿಲಿಕಾ ಸರೋವರದಲ್ಲಿ ಹೂಳು, ಮರಳಿನಿಂದ ಸಮುದ್ರದ ಬಾಯಿ ಮುಚ್ಚುತ್ತಾ ಬಂದು, ಉಪ್ಪಿಳಿದು, ಕಳೆ ಹಬ್ಬಿ, ಮೀನು ಕುಸಿದಿತ್ತು. 2000ದ ಸೆಪ್ಟೆಂಬರ್‌ನಲ್ಲಿ ಹೊಸ ಬಾಯಿ ತೋಡಿದರು. ಉಪ್ಪು ಮರಳಿತು, ಕಳೆ ಹಿಂದೆ ಸರಿಯಿತು, ಮೀನು–ಏಡಿಯ ಇಳುವರಿ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು. ಅಪಾಯದಲ್ಲಿರುವ ರಾಮ್‌ಸಾರ್ ತಾಣಗಳ ಪಟ್ಟಿಯಿಂದ 2002ರಲ್ಲಿ ಚಿಲಿಕಾ ಹೊರಬಂತು. ಮರಳಂತೂ ಸುಮ್ಮನೆ ಕೂತಿಲ್ಲ, ಬಾಯಿ ಜಾಗ ಬದಲಿಸುತ್ತಲೇ ಇದೆ, ಕಾಯುವ ಕೆಲಸ ನಿಂತಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ನೆದರ್ಲೆಂಡ್ಸ್‌ನ ಹಾರಿಂಗ್‌ಫ್ಲಿಟ್ ಕಥೆ. ಸಮುದ್ರದ ಜತೆ ಶತಮಾನಗಳಿಂದ ಕುಸ್ತಿಯಾಡುತ್ತಿರುವ ಜನ 1970ರಲ್ಲಿ ಅಳಿವೆಯ ಬಾಯಿಗೇ ದೈತ್ಯ ತೂಬುಗಳ ಅಣೆಕಟ್ಟು ಹಾಕಿದರು. ನೆರೆ ತಡೆಯಿತು, ಮೀನಿನ ದಾರಿಯೂ ಕಟ್ಟಿತು. 2018ರಿಂದ ಆ ಬಾಗಿಲುಗಳನ್ನು ಕೊಂಚ ಓರೆಯಾಗಿ ತೆರೆದಿಡುತ್ತಾರೆ, ಹೊಳೆಯಲ್ಲಿ ಸಾಕಷ್ಟು ನೀರಿದ್ದಾಗ ಮಾತ್ರ. ಬರ ಬಂದರೆ ಮುಚ್ಚುತ್ತಾರೆ. ತೆರೆಯುವ ಮೊದಲು ಉಪ್ಪು ತಾಗದ ಒಳಭಾಗಕ್ಕೆ ಕುಡಿಯುವ, ಕೃಷಿಯ ನೀರೆತ್ತುವ ಜಾಗಗಳನ್ನು ಸ್ಥಳಾಂತರಿಸಿದರು. ರೈತನಿಗೆ ಮೊದಲು ನೀರು, ಆಮೇಲೆ ಮೀನಿಗೆ ಬಾಗಿಲು. ಅಣೆಕಟ್ಟನ್ನು ಒಡೆಯಲಿಲ್ಲ, ಬಾಗಿಲ ನಿಯಮವನ್ನು ಬದಲಿಸಿದರು. ನಮ್ಮ ಕಿಂಡಿ ಅಣೆಕಟ್ಟುಗಳಿಗೆ ಇದಕ್ಕಿಂತ ದೊಡ್ಡ ತಂತ್ರಜ್ಞಾನ ಬೇಕಿಲ್ಲ. ಹತ್ತು ಕಿಂಡಿಗಳಲ್ಲಿ ಒಂದನ್ನು ಬೇರೆ ಥರ ಕಟ್ಟಬಹುದು, ಹಲಗೆಯ ದಿನವನ್ನು ತಾರೀಖಿನ ಬದಲು ಹೊಳೆಯ ಉಪ್ಪಿನಂಶ, ಹವಾಮಾನ ಮುನ್ಸೂಚನೆಗೆ ಕಟ್ಟಬಹುದು, ಆ ತೀರ್ಮಾನದ ಚಾವಡಿಯಲ್ಲಿ ಮೀನು ಹಿಡಿಯುವವರಿಗೂ ಒಂದು ಮಣೆ ಹಾಕಬಹುದು. ಕಾನೂನು ಇಲ್ಲಿ ಅಷ್ಟೇನೂ ನೆರವಿಗೆ ಬರದು: 2017ರ ಜೌಗು ಪ್ರದೇಶ ನಿಯಮಗಳು ನದಿಪಾತ್ರವನ್ನೂ ಭತ್ತದ ಗದ್ದೆಯನ್ನೂ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಗಜನಿ ಗದ್ದೆಯೂ ಹೌದು, ಜೌಗೂ ಹೌದು. ಅಂಥದ್ದಕ್ಕೆ ಕಡತದಲ್ಲಿ ಕಾಲಂ ಇಲ್ಲ.

ಸಮುದ್ರದಿಂದ ಮುನ್ನೂರು ಕಿಲೋಮೀಟರ್ ದೂರ, ಒಂಬೈನೂರು ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಇದೆಲ್ಲ ಯಾಕೆ? 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ತರುವ ಮಾತೆದ್ದಾಗ ಶಿವಮೊಗ್ಗ ಬಂದ್ ಆಗಿತ್ತು. 24.01 ಟಿಎಂಸಿಯ ಎತ್ತಿನಹೊಳೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಿತು. ಅದು ನೇತ್ರಾವತಿಯ ಮೇಲ್ಭಾಗದ ಹಳ್ಳಗಳ ನೀರು, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಬೆಂಗಳೂರು ಗ್ರಾಮಾಂತರದ ಹೆಸರಿನಲ್ಲಿ. ಬೇಡ್ತಿ–ವರದಾ, ಅಘನಾಶಿನಿ–ವೇದಾವತಿ ಜೋಡಣೆಯ ಪ್ರಸ್ತಾವಗಳು ಬೆಂಗಳೂರಿಗಲ್ಲ, ಆದರೆ ವಾದ ಅದೇ: ಪೋಲಾಗುವ ನೀರು. ಅಂದಹಾಗೆ ನಮ್ಮೂರಿಗೂ ಅಳಿವೆ ಇದೆ. ಬೆಳ್ಳಂದೂರು, ವರ್ತೂರಿನ ನೊರೆ ದಕ್ಷಿಣ ಪಿನಾಕಿನಿ ಸೇರಿ ಹೊಸೂರಿನ ಕೆಲವರಪಳ್ಳಿ ಜಲಾಶಯ ದಾಟುತ್ತದೆ. ಆ ನದಿ ಕಡಲು ಸೇರುವುದು ಕಡಲೂರಿನ ಬಳಿ. ಅಲ್ಲಿನ ಮೀನುಗಾರರಿಗೆ ನಾವು ಮೇಲ್ದಂಡೆಯವರು.

ಕೆರೆಗಳಲ್ಲೂ ಅದೇ ತಪ್ಪನ್ನು ಚಿಕ್ಕದಾಗಿ ಮಾಡಿದ್ದೇವೆ. ಕೆರೆಯಿಂದ ಕೆರೆಗೆ ಕೋಡಿ ಹರಿಯುವಾಗ ಮೀನು ಕಾಲುವೆಯಲ್ಲಿ ಎದುರು ಹತ್ತುತ್ತಿತ್ತು. 'ಅಭಿವೃದ್ಧಿ' ಎಂದರೆ ಸುತ್ತ ಏರಿ, ನಡುವೆ ಬಟ್ಟಲು, ಮೇಲೆ ವಾಕಿಂಗ್ ಪಾತ್, ರಾಜಕಾಲುವೆಗೆ ಕಾಂಕ್ರೀಟ್ ಗೋಡೆ ಎಂದಾದಾಗ ಜೊಂಡು ಬೆಳೆಯುವ ಅಂಚು ಹೋಯಿತು, ಹತ್ತುವ ದಾರಿಯೂ ಹೋಯಿತು. ಶುದ್ಧೀಕರಿಸಿದ ನೀರನ್ನು ಜೊಂಡಿನ ಜೌಗಿನ ಮೂಲಕ ಹಾಯಿಸುವ ಜಕ್ಕೂರಿನಂಥವು ಎಣಿಕೆಗೆ ಸಿಗುವಷ್ಟೇ.

ಅಂದು ಊಟದ ಮೇಜಿನಲ್ಲಿ ಟಿಶ್ಯೂ ಪೇಪರ್ ಮೇಲೆ ಗೆಳೆಯನಿಗೆ ಒಂದು ಲೆಕ್ಕ ಬರೆದು ತೋರಿಸಿದೆ. ಬೆಂಗಳೂರು ನಗರದ ವಿಸ್ತೀರ್ಣ ಸುಮಾರು 710 ಚದರ ಕಿಲೋಮೀಟರ್, ವರ್ಷದ ಮಳೆ ಸುಮಾರು 970 ಮಿಲಿಮೀಟರ್. ಗುಣಿಸಿದರೆ 24 ಟಿಎಂಸಿ, ಹೆಚ್ಚುಕಮ್ಮಿ ಒಂದು ಎತ್ತಿನಹೊಳೆ. ಎಲ್ಲವೂ ಸಿಗದು, ಕಾಲುಭಾಗ ಹಿಡಿದರೂ ಸಣ್ಣದಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು 2018ರಿಂದಲೇ ಕೋಲಾರದ ಕೆರೆಗಳಿಗೆ ಹೋಗುತ್ತಿದೆ, ಆ ಶುದ್ಧೀಕರಣವನ್ನು ಇನ್ನೊಂದು ಹಂತ ಮೇಲೇರಿಸಿದರೆ ಸಾಕು ಎಂದೂ ಸೇರಿಸಿದೆ.

ಅವನು ಲೆಕ್ಕ ನೋಡಿದ, ಕೈ ತೊಳೆದು ಬಂದು ಮತ್ತೊಮ್ಮೆ ನೋಡಿದ. "ನೀವು ಬೆಂಗಳೂರಿನೋರು ಕುಡಿದು ಬಿಟ್ಟ ನೀರು ನಮ್ ಕೆರೆಗೆ, ಅಘನಾಶಿನಿ ನೀರು ಮೀನಿಗೆ. ಚೆನ್ನಾಗಿದೆ ಕಣಪ್ಪಾ ಹಂಚಿಕೆ" ಅಂದ. ಆಮೇಲೆ, "ನಿನ್ನ ಮನೆ ಮೇಲೆ ಬಿದ್ದ ಮಳೆ ಎಲ್ಲಿಗ್ ಹೋಗುತ್ತೆ?"

ಮೋರಿಗೆ, ಎಂದೆ.